ಬೀಗರಿಗೆ ಇಟ್ಟದ್ದು

ಒಂದು ಉಂಡಿ ಕಡಿಮೆಯಾಗಿದೆ ಎಂದು ತಿಳಿಯಲು ವಿಜಯಶ್ರೀ ಮತ್ತೆ ಅಡುಗೆಮನೆಗೆ ಹೋಗಬೇಕಾಗಿರಲಿಲ್ಲ. ಆದರೂ ಹೋದಳು. ಗ್ಯಾಸ್ ಕಟ್ಟೆಯ ಮೂಲೆಯಲ್ಲಿ, ಅಂಚು ಸೊಟ್ಟಗಾದ ಹಳೆಯ ಸ್ಟೀಲ್ ತಾಟಿನಲ್ಲಿ, ಶೇಂಗಾ ಉಂಡಿಗಳು ಅತ್ತೆ ಇಟ್ಟ ಹಾಗೆಯೇ ದುಂಡಗೆ ಕೂತಿದ್ದವು; ಒಂದಿದ್ದ ಜಾಗದಲ್ಲಿ ಮಾತ್ರ ಎಣ್ಣೆಯ ಗುರುತು. ಅವು ಪಂಚಮಿಯ ಉಂಡಿಗಳಲ್ಲ. ಪಂಚಮಿಯ ಉಂಡಿಗಳು ಮೇಲೆ ಡಬ್ಬಿಯಲ್ಲಿದ್ದವು. ಇವು ಹಬ್ಬಕ್ಕೆ ಮಾಡಿ ಉಳಿದ ಅದೇ ಶೇಂಗಾ ಪುಡಿಗೆ, ಅದೇ ಬೆಲ್ಲಕ್ಕೆ ಇಲಿ ಪಾಷಾಣ ಕಲಸಿ ಅತ್ತೆ ಗುಂಡವ್ವ ಇವತ್ತು ಬೆಳಿಗ್ಗೆ ಕಟ್ಟಿಟ್ಟವು. ಕಡಿಮೆಯಾದ ಒಂದನ್ನು ಕೆಳಗಿನ ಮನೆಯ ಇಂದುಬಾಯಿಯವರು, ಅಂದರೆ ಈ ಬಾಡಿಗೆ ಮನೆಯ ಮಾಲಕರ ಹೆಂಡತಿ, ಸ್ವಲ್ಪ ಹೊತ್ತಿನ ಹಿಂದೆ ಕೈಯಾರೆ ಎತ್ತಿಕೊಂಡು, ಸೆರಗಿನ ತುದಿಯಲ್ಲಿ ಮುಚ್ಚಿಕೊಂಡು, ಮೆಟ್ಟಿಲಿಳಿದು ಹೋಗಿದ್ದರು. ವಿಜಯಶ್ರೀ ಪಕ್ಕದಲ್ಲೇ ನಿಂತು ನೋಡಿದ್ದಳು. ಆಗ ಏನೂ ಅನ್ನಿಸಿರಲಿಲ್ಲ. ಈಗಲೂ ಏನೂ ಅನ್ನಿಸುತ್ತಿಲ್ಲ ಎಂಬುದಷ್ಟೇ ಅವಳಿಗೆ ವಿಚಿತ್ರವಾಗಿ ಕಂಡಿತು. ನಲ್ಲಿಯ ಬಾಯಿಗೆ ಕಟ್ಟಿದ ಬಟ್ಟೆ ಸಡಿಲಾಗಿ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಬಿಚ್ಚಿ, ಹಿಂಡಿ, ಮತ್ತೆ ಬಿಗಿಯಾಗಿ ಕಟ್ಟಿದಳು.

ಈ ಮನೆಯಲ್ಲಿ ಇಲಿಗೆ ಇಲಿ ಅನ್ನುವುದಿಲ್ಲ. ಪಾಷಾಣಕ್ಕೆ ಪಾಷಾಣ ಅನ್ನುವುದಂತೂ ಇಲ್ಲವೇ ಇಲ್ಲ. ಗುಂಡವ್ವನ ಪ್ರಕಾರ ಅವಕ್ಕೆ ಮನುಷ್ಯರ ಮಾತೆಲ್ಲ ತಿಳಿಯುತ್ತದೆ; ಹೆಸರು ಹಿಡಿದು ಮದ್ದು ಇಡುವ ಮಾತಾಡಿದರೆ ಮದ್ದನ್ನು ಮೂಸಿಯೂ ನೋಡದೆ, ಮಾತಾಡಿದವರ ಸೀರೆಯನ್ನೇ ಹುಡುಕಿ ಕತ್ತರಿಸುತ್ತವೆ. ಆದ್ದರಿಂದ ಇಲಿಗಳು ಬೀಗರು. ‘ರಾತ್ರಿ ಬೀಗರು ಅಟ್ಟದ ಮ್ಯಾಲ ಲಗ್ನಾನ ಮಾಡಿದ್ರು’ ಅನ್ನುತ್ತಾಳೆ ಗುಂಡವ್ವ. ‘ಬೀಗರಿಗೆ ಏನರೆ ಮಾಡಿ ಇಡಬೇಕವಾ’ ಅನ್ನುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ವಿಜಯಶ್ರೀ ಇದಕ್ಕೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ಆಮೇಲೆ ತಾನೂ ಹಾಗೆಯೇ ಅನ್ನತೊಡಗಿದಳು. ಮೊನ್ನೆ ಶಾಲೆಯಲ್ಲಿ ಏಳನೆಯ ಇಯತ್ತೆಗೆ ವಿಜ್ಞಾನ ಹೇಳುವಾಗ, ಧಾನ್ಯ ಹಾಳುಮಾಡುವ ಪ್ರಾಣಿಗಳು ಯಾವುವು ಎಂದು ಬೋರ್ಡಿನ ಕಡೆ ತಿರುಗಿ ಬರೆಯುತ್ತ ‘ಬೀಗರು’ ಎಂದುಬಿಟ್ಟಿದ್ದಳು. ಹುಡುಗರು ನಕ್ಕರು. ಬಾಗಿಲಲ್ಲಿ ಹೆಡ್‌ಮಾಸ್ತರು ನಿಂತಿದ್ದರು, ಅವರೂ ನಕ್ಕರು. ಆಮೇಲೆ ಸ್ಟಾಫ್ ರೂಮಿನಲ್ಲಿ ಅದನ್ನು ಎಲ್ಲರಿಗೂ ಹೇಳಿದರು. ಮುದ್ದೇಬಿಹಾಳದ ಈ ಓಣಿ ಎಪಿಎಂಸಿ ಯಾರ್ಡಿನ ಬೆನ್ನಿಗೇ ಇದೆ. ಅಲ್ಲಿಯ ಗೋಡೌನುಗಳು ಖಾಲಿಯಾದಾಗಲೆಲ್ಲ ಬೀಗರು ದಂಡು ಕಟ್ಟಿಕೊಂಡು ಮನೆಗಳ ಕಡೆ ಬರುತ್ತಾರೆ. ಈ ಸಲ ಬಂದವರು ಜೋಳದ ಚೀಲ ಬಿಟ್ಟು, ಟ್ರಂಕಿನಲ್ಲಿದ್ದ ಅವಳ ಇಳಕಲ್ಲ ಸೀರೆಯ ಸೆರಗನ್ನು ಜಾಳಿಗೆ ಮಾಡಿದ್ದರು. ಯಾರೋ ಹೆಸರು ಹಿಡಿದು ಮಾತಾಡಿದ್ದಾರೆ ಎಂದು ಗುಂಡವ್ವ ಎಲ್ಲರ ಮುಖ ನೋಡಿದಳು. ವಿಜಯಶ್ರೀಯ ಗಂಡ ಸುನೀಲಕುಮಾರ ತಾನಲ್ಲ ಅಂದ.

ಯುನೂಸನ ಕಿರಾಣಿ ಅಂಗಡಿಯಲ್ಲೂ ಅದೇ ಭಾಷೆ. ‘ಬೀಗರು ಜೋರಾಗ್ಯಾರೇನ್ರಿ ಟೀಚರ?’ ಎಂದು ಕೇಳಿ ಅವನು ಪೊಟ್ಟಣವನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ. ‘ಇದು ಹೊಸಾ ಮಾಲ್ ನೋಡ್ರಿ. ತಿಂದ ಕೂಡ್ಲೆ ಏನೂ ಗೊತ್ತಾಗಂಗಿಲ್ಲ. ಆರಾಮ ತಿರಗ್ಯಾಡ್ತಾರ. ಎರಡು ಮೂರು ದಿನ ಬಿಟ್ಟು…’ ಎಂದು ಅಂಗೈಯನ್ನು ಮೆಲ್ಲಗೆ ಮಗುಚಿ ತೋರಿಸಿದ್ದ. ಆ ಅಂಗೈ ಮಗುಚಿದ್ದು ಈಗ ಅವಳಿಗೆ ನೆನಪಾಯಿತು. ಕೆಳಗೆ ಅಂಗಳದಲ್ಲಿ ಇಂದುಬಾಯಿಯವರು ಯಾರ ಜೊತೆಗೋ ಗಟ್ಟಿಯಾಗಿ ಮಾತಾಡುವುದು ಕೇಳಿಸುತ್ತಿತ್ತು. ಆರಾಮ ತಿರುಗಾಡುತ್ತಿದ್ದರು.

ನಡೆದದ್ದು ಇಷ್ಟೇ. ರವಿವಾರ. ಪಂಚಮಿಯ ಮರುದಿನ. ಗುಂಡವ್ವ ಬೆಳಿಗ್ಗೆ ಉಂಡಿ ಕಟ್ಟಿ, ‘ಆ ತಾಟಿನ್ಯಾಗಿಂದು ಬೀಗರಿಗೆ. ಆರಲಿ, ಸಂಜಿಗೆ ಅಟ್ಟದ ಮ್ಯಾಲ ಇಡು’ ಎಂದು ಹೇಳಿ, ಮೊಮ್ಮಗಳು ಸಾಕ್ಷಿಯನ್ನು ಕರೆದುಕೊಂಡು ಹೊರ್ತಿಗೆ ತಂಗಿಯ ಮನೆಗೆ ಹೊರಟಳು. ಸುನೀಲಕುಮಾರ ಬಾಗೇವಾಡಿಗೆ ನೌಕರರ ಸಂಘದ ಮೀಟಿಂಗಿಗೆ ಹೋದ. ಆಮೇಲೆ ಇಂದುಬಾಯಿಯವರು ಪ್ರತಿವರ್ಷದಂತೆ ಹಬ್ಬದ ತಾಟು ಹಿಡಿದು ಮೇಲೆ ಬಂದರು. ಎಳ್ಳುಂಡಿ, ತಂಬಿಟ್ಟು, ಅರಳು, ಅದರ ಮೇಲೊಂದು ಕರವಸ್ತ್ರ. ಪ್ರತಿವರ್ಷ ಅವರು ಬಾಗಿಲಲ್ಲೇ ನಿಂತು, ‘ತಗೋವಾ ಟೀಚರ’ ಎಂದು ಕೊಟ್ಟು ಹೋಗುವವರು. ಈ ಸಲ ಒಳಗೆ ಬಂದರು. ಮೊಣಕಾಲು ನೋವು ಎನ್ನುತ್ತ ಅಡುಗೆಮನೆಯ ತನಕ ಬಂದು ಕಟ್ಟೆಗೆ ಕೈಯೂರಿ ನಿಂತರು. ಈ ಅಡುಗೆಮನೆಯಲ್ಲಿ ಅವರನ್ನು ನೋಡಿದ್ದು ಅದೇ ಮೊದಲು. ವಿಜಯಶ್ರೀ ಒಗ್ಗರಣೆಯ ಸೌಟು ಸರಿಸಿದಳು, ಯಾಕೆ ಸರಿಸಿದೆ ಅನ್ನಿಸಿ ಮತ್ತೆ ಅಲ್ಲೇ ಇಟ್ಟಳು.

‘ಪಂಚಮಿ ಮುಗೀತು, ಇನ್ನೂ ಉಂಡಿ ಕಟ್ಟಾಕತ್ತೀರೇನು?’ ಎಂದರು ಇಂದುಬಾಯಿ, ತಾಟು ನೋಡಿ.

‘ಅವು ಬೀಗರಿಗೆ ಇಟ್ಟದ್ರಿ, ಅಮ್ಮಾರ.’

‘ಬೀಗರಿಗೆ? ಯವ್ವಾ, ಸಾಕ್ಷಿಗೆ ಗಂಡು ನೋಡಾಕತ್ತೀರೇನು, ನಮಗೊಂದು ಮಾತು ಹೇಳದ?’

‘ಹಂಗಲ್ರಿ ಅಮ್ಮಾರ, ಅಕಿ ಇನ್ನೂ ಕಾಲೇಜು…’

‘ಇರ್ಲಿ ಬಿಡ. ಬೀಗರಕಿಂತ ನಾವೇನು ಕಡಿಮಿ ಏನು?’ ಎಂದು ನಕ್ಕು ಕೈ ಚಾಚಿದರು.

ಹಸಿರು ಬಳೆಯ ಆ ಕೈ ತಾಟಿನ ಮೇಲೆ ಸ್ವಲ್ಪ ನಿಂತಿತು. ಯಾವುದನ್ನು ತೆಗೆದುಕೊಳ್ಳಲಿ ಎಂದು ಆರಿಸುವ ಹಾಗೆ ಬೆರಳುಗಳು ಆಡಿದವು. ಹೇಳಲು ಬೇಕಾದಷ್ಟು ಸಮಯವಿತ್ತು, ಬೇಕಾದರೆ ಕೈ ಹಿಡಿದು ನಿಲ್ಲಿಸುವಷ್ಟು ಹತ್ತಿರವೂ ಇದ್ದಳು. ಬಾಯಿ ತೆರೆದದ್ದೂ ಹೌದು. ಆದರೆ ಬಾಯಿಗೆ ಬೇಕಾಗಿದ್ದ ಎರಡು ಮಾತುಗಳೂ ಈ ಅಡುಗೆಮನೆಯಲ್ಲಿ ಆಡಬಾರದ ಮಾತುಗಳು. ಇಂದುಬಾಯಿ ಒಂದನ್ನು ಎತ್ತಿಕೊಂಡು, ‘ಪೂಜಿ ಆಗಿಲ್ಲ ಇನ್ನ. ಆಮ್ಯಾಲ ತಿಂತೇನಿ’ ಎಂದು ಸೆರಗಿನಲ್ಲಿ ಇಟ್ಟುಕೊಂಡರು. ಆಗ ವಿಜಯಶ್ರೀ ಏನು ಮಾಡಿದಳೆಂದರೆ, ಅವರು ತಂದಿದ್ದ ಉಂಡಿ, ತಂಬಿಟ್ಟುಗಳನ್ನು ತನ್ನ ಡಬ್ಬಿಗೆ ಸುರಿದುಕೊಂಡು, ತಾಟು ತೊಳೆದು, ಒರೆಸಿ, ಖಾಲಿ ತಾಟು ಕೊಡಬಾರದೆಂದು ಪ್ರತಿವರ್ಷದ ಹಾಗೆ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟಳು. ಇಂದುಬಾಯಿ ಒಂದು ಕೈಯಲ್ಲಿ ಸಕ್ಕರೆಯ ತಾಟು, ಇನ್ನೊಂದರಲ್ಲಿ ಸೆರಗಿನ ಗಂಟು ಹಿಡಿದು, ಗೋಡೆಗೆ ಆತುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ‘ಸಾವಕಾಶ ಹೋಗ್ರಿ ಅಮ್ಮಾರ’ ಎಂದು ಅವಳು ಮೇಲಿನಿಂದ ಹೇಳಿದಳು.

ಈಗ ಅವಳು ಹಾಸಿಗೆಯ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಸುನೀಲಕುಮಾರನ ಬನಿಯನ್, ಸಾಕ್ಷಿಯ ದುಪಟ್ಟಾ, ಟವೆಲು. ಹೆದರುವ ಕಾರಣವಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು, ಯಾಕೆಂದರೆ ಇಂದುಬಾಯಿ ಅದನ್ನು ತಿನ್ನುವುದಿಲ್ಲ. ಇದು ಊಹೆಯಲ್ಲ, ಕಣ್ಣಾರೆ ಕಂಡದ್ದು. ಈ ಮನೆಗೆ ಬಂದ ಮೊದಲ ಪಂಚಮಿಗೆ ಅವಳು ಡಬ್ಬಿ ತುಂಬ ಉಂಡಿ ಕಟ್ಟಿ, ಹೊಸ ಸೀರೆ ಉಟ್ಟು, ಕೆಳಗೆ ಒಯ್ದು ಕೊಟ್ಟಿದ್ದಳು. ಮರುದಿನ ಡಬ್ಬಿ ತಿರುಗಿ ಬಂದಾಗ ಇಂದುಬಾಯಿ, ‘ಭಾಳ ಛಲೋ ಆಗಿದ್ವು ನೋಡವಾ. ಬೆಲ್ಲ ಒಂಚೂರು ಮುಂದಾಗಿತ್ತು, ಅಷ್ಟ’ ಎಂದಿದ್ದರು. ಆ ಬೆಲ್ಲದ ಮಾತು ಕೇಳಿ ವಿಜಯಶ್ರೀಗೆ ಎಷ್ಟು ಖುಷಿಯಾಗಿತ್ತೆಂದರೆ, ರುಚಿ ನೋಡದೆ ಹಾಗೆ ತಪ್ಪು ಹುಡುಕಲು ಬರುತ್ತದೆಯೇ ಎಂದು ಗಂಡನಿಗೆ ಹೇಳಿದ್ದಳು. ಆಮೇಲೆ ಕಸ ಚೆಲ್ಲಲು ಹಿತ್ತಲಿಗೆ ಹೋದಾಗ ನುಗ್ಗೆಗಿಡದ ಬುಡದಲ್ಲಿ ಅವು ಬಿದ್ದಿದ್ದವು. ಒಂದನ್ನೂ ಮುರಿದಿರಲಿಲ್ಲ. ಕಪ್ಪಿರುವೆ ಮುತ್ತಿದ್ದವು. ಅವಳು ಕಸ ಚೆಲ್ಲಿ, ಬುಟ್ಟಿ ಕುಕ್ಕಿ, ಮೇಲೆ ಬಂದು ಕೈ ತೊಳೆದಳು. ಯಾರಿಗೂ ಹೇಳಲಿಲ್ಲ. ಮುಂದಿನ ವರ್ಷದಿಂದ ಸಕ್ಕರೆ ಹಾಕಿ ಕೊಡತೊಡಗಿದಳು. ಸಕ್ಕರೆ ಬೇಯಿಸಿದ್ದಲ್ಲ, ಕೈಯಿಂದ ಕಟ್ಟಿದ್ದಲ್ಲ, ಅಂಗಡಿಯಿಂದ ಬಂದದ್ದು. ಸಕ್ಕರೆಗೆ ಯಾರ ಮನೆಯೂ ಇಲ್ಲ. ಅದನ್ನು ಅವರು ಚಹಕ್ಕೆ ಹಾಕಿಕೊಳ್ಳುತ್ತಾರೆ ಎಂದು ಅವಳು ನಂಬಿಕೊಂಡಿದ್ದಳು.

ಇಂದುಬಾಯಿಯವರ ಗಂಡ ಚನ್ನಬಸಯ್ಯನವರು ಮನೆ ಕೊಡುವಾಗ ಏನೂ ಕೇಳಿರಲಿಲ್ಲ. ಬೇರೆ ಓಣಿಗಳಲ್ಲಿ ಎಲ್ಲ ಕಡೆ ‘ನೀವು ಯಾವ ಮಂದಿ?’ ಎಂದು ಕೇಳಿದ್ದರು, ಸುನೀಲಕುಮಾರ ಹೇಳಿದ್ದ, ಹೇಳಿದ ಮೇಲೆ ನೀರಿನ ತೊಂದರೆ ಐತಿ ಅಂದಿದ್ದರು, ಮಗ ಬರ್ತಾನ ಅಂದಿದ್ದರು. ಇವರು ಮಾತ್ರ ಕೇಳದೆ ಚಾವಿ ಕೊಟ್ಟರು. ಸಾಮಾನು ಇಳಿಸಿದ ದಿನ ಮೇಲೆ ಬಂದು, ಗೋಡೆಗೆ ಒರಗಿಸಿಟ್ಟಿದ್ದ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ ನೋಡಿದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ‘ಗ್ವಾಡಿಗೆ ಮೊಳಿ ಹೊಡೀಬ್ಯಾಡ್ರಿ. ಹೊಸಾ ಗಿಲಾವು ಐತಿ’ ಅಂದರು. ಅಷ್ಟೇ. ಅವರು ಒಳ್ಳೆಯವರು, ಇವತ್ತಿಗೂ ಯಾರು ಕೇಳಿದರೂ ಅವಳು ಹಾಗೆಯೇ ಹೇಳುತ್ತಾಳೆ. ಫೋಟೋಗಳು ಇವತ್ತಿಗೂ ಗೋದ್ರೇಜ್ ಕಪಾಟಿನ ಮೇಲೆ ಗೋಡೆಗೆ ಒರಗಿ ನಿಂತಿವೆ. ಕಪಾಟು ತೆರೆದಾಗಲೆಲ್ಲ ಸ್ವಲ್ಪ ಅಲುಗಾಡುತ್ತವೆ. ಅವಳು ಮಡಚಿದ ಬಟ್ಟೆಗಳನ್ನು ಒಳಗಿಟ್ಟು ಬಾಗಿಲು ಮುಚ್ಚುವಾಗ ಒಂದು ಕೈಯಿಂದ ಅವನ್ನು ಹಿಡಿದುಕೊಂಡಳು. ಅದೂ ಈಗ ರೂಢಿಯಾಗಿತ್ತು.

ತವರೂರಾದ ಅದೇ ಹೊರ್ತಿಯಲ್ಲಿ, ಅವಳು ಚಿಕ್ಕವಳಿದ್ದಾಗ, ಜೋಳದ ಚೀಲಗಳ ಮಗ್ಗುಲಲ್ಲೇ ಎಲ್ಲರೂ ಮಲಗುತ್ತಿದ್ದರು. ಒಂದು ದಿನ ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟರೆ ಹಿಮ್ಮಡಿ ಉರಿಯಿತು. ನೋಡಿದರೆ ಹಿಮ್ಮಡಿಯ ದಪ್ಪ ಚರ್ಮ ಒಂದು ಬದಿಗೆ ಇಲ್ಲವೇ ಇಲ್ಲ, ರಕ್ತ ಒಸರುತ್ತಿದೆ. ‘ಊದಿ ಊದಿ ಕಡೀತಾವವ್ವ ಅವು. ತಂಪಾಗಿ ಊದತಾವ, ಕಡೀತಾವ, ಮತ್ತ ಊದತಾವ. ಅದಕ್ಕ ಗೊತ್ತಾಗಂಗಿಲ್ಲ’ ಎಂದು ಅವಳ ಅಪ್ಪ ಚಂದಪ್ಪ ಅರಿಶಿನ ಮೆತ್ತಿದ್ದ. ಎಷ್ಟು ಹೊತ್ತು ತಿಂದಿರಬೇಕು, ತನಗೆ ಯಾಕೆ ಎಚ್ಚರವಾಗಲಿಲ್ಲ ಎಂದು ಅವಳು ಶಾಲೆಗೆ ಕುಂಟುತ್ತ ಹೋಗುವಾಗೆಲ್ಲ ಯೋಚಿಸಿದ್ದಳು. ನೋವಿಗಿಂತ ಅದರಿಂದ ಹೆಚ್ಚು ನಾಚಿಕೆಯಾಗಿತ್ತು. ಇಂದುಬಾಯಿಯವರ ಮಾತೂ ಹಾಗೇ, ತಂಪು. ‘ನೀ ನನಗ ಮಗಳ ಸಮಾನ’ ಅನ್ನುತ್ತಾರೆ. ಚಹ ಕೊಟ್ಟೇ ಕಳಿಸುತ್ತಾರೆ, ಕಾಗದದ ಕಪ್ಪಿನಲ್ಲಿ. ಮೊದಲು ಅವಳಿಗೆಂದು ಒಂದು ಗಾಜಿನ ಲೋಟ ಕಿಡಕಿಯಲ್ಲಿ ಬೇರೆ ಇರುತ್ತಿತ್ತು. ಕಾಗದದ ಕಪ್ಪು ಬಂದ ಮೇಲೆ ಇಬ್ಬರಿಗೂ ಆರಾಮವಾಯಿತು.

ಆದ್ದರಿಂದ ತಿನ್ನುವುದಿಲ್ಲ. ಪೂಜೆಯ ನೆಪ ಹೇಳಿ ಒಯ್ದಿದ್ದಾರೆ, ನುಗ್ಗೆಗಿಡಕ್ಕೆ ಎಸೆಯುತ್ತಾರೆ, ಮುಗಿಯಿತು. ಆದರೆ ಒಂದು ವಿಷಯ ಅವಳನ್ನು ಬಿಡಲಿಲ್ಲ. ಹಾಗೆ ಎಸೆಯುವವರು ತಾವಾಗಿ ಕೈ ಚಾಚಿದ್ದೇಕೆ? ಒಳಗೆ ಬಂದದ್ದೇಕೆ? ಚಳಿಗಾಲದಲ್ಲಿ ಚನ್ನಬಸಯ್ಯನವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಾಗ, ಮಗ ಅಮಿತ ಹುಬ್ಬಳ್ಳಿಯಿಂದ ಬರುವ ತನಕ ಜೊತೆಗಿದ್ದವಳು ವಿಜಯಶ್ರೀ. ಆಂಬುಲೆನ್ಸಿನಲ್ಲಿ ವಿಜಯಪುರದ ತನಕ ಇಂದುಬಾಯಿ ಅವಳ ಮಣಿಕಟ್ಟನ್ನು ಬಿಟ್ಟಿರಲಿಲ್ಲ, ಬಳೆ ಒತ್ತಿ ಕೆಂಪು ಗೆರೆ ಬಿದ್ದಿತ್ತು. ದವಾಖಾನೆಯ ಹೊರಗೆ ಅವಳು ಗಾಡಿಯಿಂದ ಚಹ ತಂದುಕೊಟ್ಟಾಗ ಇಂದುಬಾಯಿ ಕುಡಿದಿದ್ದರು. ಗಾಡಿಯ ಚಹ, ಗಾಡಿಯವನ ಕಪ್ಪು. ಆದರೆ ತಂದದ್ದು ತನ್ನ ಕೈ ಎಂದು ಅವಳು ಅದನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡಿದ್ದಳು. ಆವತ್ತಿನಿಂದ ಇಂದುಬಾಯಿ ಮೆಟ್ಟಿಲಲ್ಲಿ ಸಿಕ್ಕಾಗ ಅವಳ ತೋಳು ಹಿಡಿದುಕೊಳ್ಳುತ್ತಾರೆ. ಮನುಷ್ಯರು ಬದಲಾಗುವುದಿಲ್ಲ ಎಂದೇನೂ ಇಲ್ಲ. ಹಾಗಾದರೆ ಇವತ್ತು ಬದಲಾಗಿದ್ದರೆ? ಇಷ್ಟು ವರ್ಷದಲ್ಲಿ ಇವತ್ತೇ, ಪೂಜೆ ಮುಗಿಸಿ, ಆ ಪಾಪದ ಮುದುಕಿ ಒಂದು ಉಂಡಿ ಬಾಯಿಗೆ ಇಟ್ಟುಕೊಂಡರೆ? ವಿಜಯಶ್ರೀ ಕಪಾಟಿನ ಮುಂದೆ ಹಾಗೆಯೇ ನಿಂತಳು. ಅವರು ನಮ್ಮ ಮನೆಯದನ್ನು ಇವತ್ತೂ ಮುಟ್ಟದಿರಲಿ, ನಮ್ಮ ಕೈಯ ಉಂಡಿ ಇವತ್ತೂ ಅವರಿಗೆ ಹೊಲಸಾಗಿಯೇ ಕಾಣಲಿ ಎಂದು ಬೇಡಿಕೊಳ್ಳುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಯಿತು. ಯಾರಿಗೆ ಬೇಡಿಕೊಳ್ಳುತ್ತಿದ್ದೇನೆ ಎಂದು ಗೊತ್ತಾಗಲಿಲ್ಲ. ಫೋಟೋದಲ್ಲಿದ್ದವರು ಅಂಥದ್ದನ್ನು ಕೇಳಿಸಿಕೊಳ್ಳುವವರಲ್ಲ.

ಕೆಳಗೆ ಹೋಗಿ ಹೇಳಿಬಿಡುವುದು ಸುಲಭ. ಹೇಳಿದ ಮೇಲಿನದು ಸುಲಭವಲ್ಲ. ಮೇಲಿನ ಮನೆಯವರು ಕೆಳಗಿನ ಮನೆಯವರಿಗೆ ವಿಷದ ಉಂಡಿ ಕೊಟ್ಟರಂತೆ ಎಂದು ಸಂಜೆಯೊಳಗೆ ಓಣಿ ಎಲ್ಲ ಹೇಳುತ್ತದೆ. ಕೊಟ್ಟದ್ದಲ್ಲ, ಅವರೇ ತೆಗೆದುಕೊಂಡದ್ದು ಎಂದು ಯಾರಿಗೆ ಹೇಳುವುದು? ನೋಡುತ್ತ ನಿಂತಿದ್ದೆಯಲ್ಲ, ಬಾಯಿ ಇರಲಿಲ್ಲವೇ ಎಂದು ಕೇಳುತ್ತಾರೆ. ಬೇರೆ ಯಾರಾದರೂ ಬಾಡಿಗೆಗೆ ಇದ್ದು ಹೀಗಾಗಿದ್ದರೆ ಅದು ತಪ್ಪಿ ಆದದ್ದು; ತಾವು ಮಾಡಿದರೆ ತಪ್ಪಿ ಆದದ್ದು ಅನ್ನುವವರು ಎಷ್ಟು ಮಂದಿ ಇದ್ದಾರೆ ಎಂದು ಅವಳು ಓಣಿಯ ಒಂದೊಂದೇ ಮನೆಯನ್ನು ನೆನೆದಳು. ಆಮೇಲೆ ಫೋನು ತೆಗೆದು ಅತ್ತೆಗೆ ಹಚ್ಚಿದಳು. ಹಿಂದೆ ಬಸ್ಸಿನ ಗದ್ದಲ.

‘ಬಾಗೇವಾಡಿ ಸ್ಟ್ಯಾಂಡಿನ್ಯಾಗ ನಿಂತೈತವಾ ಬಸ್ಸು. ಏನಾತು?’ ಎಂದಳು ಗುಂಡವ್ವ.

‘ಅತ್ತಿ, ಆ ಬೀಗರಿಗೆ ಇಟ್ಟದ್ದು… ಅದ್ರಾಗ ಒಂದು ಹೋತು.’

‘ಹೋತು? ಇಷ್ಟ ಲಗೂನ? ಹಗಲೊತ್ತಿನ್ಯಾಗ ಬಂದಿದ್ರೇನು?’

‘ಹಗಲೊತ್ತಿನ್ಯಾಗ ಬಂದಿದ್ರು. ಎತ್ತಿಕೊಂಡು ಹೋದ್ರು.’

‘ನೀ ನೋಡಿದಿ?’

‘ನೋಡಿದ್ನಿ.’

‘ಸುಮ್ಮನಿದ್ದೆಲ್ಲ? ಏನೂ ಅಂದಿಲ್ಲಲ್ಲ?’

‘ಏನೂ ಅಂದಿಲ್ಲ.’

‘ಶಾಣ್ಯಾಕಿ!’ ಗುಂಡವ್ವನ ದನಿಯಲ್ಲಿ ಸಂತೋಷ ಉಕ್ಕಿತು. ‘ಭಾಳ ಹಸದಿರಬೇಕು, ಪಾಪ. ತಿನ್ನಲಿ. ಇನ್ನ ಎರಡು ದಿನ ತಡಿ. ವಾಸನಿ ಬಂದ್ರ ಹುಡುಕೋಣಂತ.’

ವಿಜಯಶ್ರೀ ಹೂಂ ಅಂದಳು. ಅದು ಅವರಲ್ಲ, ಕೆಳಗಿನ ಅಮ್ಮಾರು ಎಂದು ಹೇಳುವುದಕ್ಕೆ ನಾಲಗೆ ಹೊರಳಬೇಕು, ಹೊರಳಲಿಲ್ಲ. ಬಸ್ಸು ಹೊರಟ ಸದ್ದಾಯಿತು, ಫೋನು ತಾನೇ ಕಟ್ಟಾಯಿತು. ಅವಳು ಅಡುಗೆಮನೆಗೆ ಹೋಗಿ ತಾಟನ್ನು ಎತ್ತಿ, ಉಳಿದ ಉಂಡಿಗಳನ್ನು ಹಳೆಯ ಪಾಲಿಥಿನ್ ಚೀಲಕ್ಕೆ ಸುರಿದು, ಗಂಟು ಹಾಕಿ, ಸಿಲಿಂಡರಿನ ಹಿಂದೆ ಇಟ್ಟಳು. ಅಟ್ಟದ ಮೇಲೆ ಏನೋ ಗರಗರ ಎಂದಿತು, ನಿಂತಿತು. ಕೇಳಿಸಿಕೊಳ್ಳುತ್ತಿರುವ ಹಾಗೆ ನಿಂತಿತು. ಶಾಣ್ಯಾಕಿ ಎಂದಿದ್ದಳು ಅತ್ತೆ. ಅತ್ತೆ ಅವಳಿಗೆ ಹಾಗೆ ಅಂದದ್ದು ಕಡಿಮೆ.

ಊಟ ಮಾಡಲಿಲ್ಲ. ಹಸಿವಾಗಲಿಲ್ಲ. ಮಧ್ಯಾಹ್ನದ ಬಿಸಿಲು ಮೆಟ್ಟಿಲ ಮೇಲೆ ಬಿದ್ದಾಗ ಅವಳು ಇಳಿದು ಹೋದಳು. ಹೇಳಲೆಂದು ಇಳಿದಳೋ, ಸುಮ್ಮನೆ ನೋಡಿಬರಲೆಂದು ಇಳಿದಳೋ, ಅವಳಿಗೇ ಗೊತ್ತಿರಲಿಲ್ಲ. ಪಡಸಾಲೆಯಲ್ಲಿ ಇಂದುಬಾಯಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಚನ್ನಬಸಯ್ಯನವರು ವಾಕರನ್ನು ಪಕ್ಕಕ್ಕೆ ಇಟ್ಟುಕೊಂಡು ಕುರ್ಚಿಯಲ್ಲಿ ಪೇಪರು ಓದುತ್ತಿದ್ದರು. ಇಬ್ಬರೂ ಆರಾಮಾಗಿದ್ದರು. ಅದರಿಂದ ಏನೂ ತಿಳಿಯುವಂತಿರಲಿಲ್ಲ.

‘ಬಾ ಬಾ, ಕುಂದ್ರು’ ಎಂದು ಇಂದುಬಾಯಿ ಎದ್ದು ಒಳಗೆ ಹೋಗಿ, ಬೇಡವೆಂದರೂ ಕಾಗದದ ಕಪ್ಪಿನಲ್ಲಿ ಚಹ ತಂದರು. ಕಟ್ಟೆಯ ಮೇಲೆ ಇಟ್ಟರು. ಅವಳು ಎತ್ತಿಕೊಂಡಳು.

‘ಅಮ್ಮಾರ, ಆ ಉಂಡಿ…’

‘ತಿಂದೇನವಾ! ಪೂಜಿ ಆದ ಕೂಡ್ಲೆ ತಿಂದೆ. ಭಾಳ ಛಲೋ ಆಗೇತ್ನೋಡು. ಬೆಲ್ಲ ಒಂಚೂರು ಮುಂದಾಗೇತಿ, ಅಷ್ಟ. ಇವರಿಗೂ ಅರ್ಧ ಕೊಟ್ಟೆ.’

ಚನ್ನಬಸಯ್ಯನವರು ಪೇಪರಿನ ಹಿಂದಿನಿಂದಲೇ, ‘ಹೌದೌದು. ಮಸ್ತ್ ಆಗಿತ್ತು’ ಎಂದರು.

ಅದೇ ಮಾತು. ಆವತ್ತಿನದೇ ಬೆಲ್ಲ. ಸುಳ್ಳು, ಅವರು ತಿಂದಿಲ್ಲ ಎಂದು ವಿಜಯಶ್ರೀಯ ಎದೆ ಹಗುರಾಗತೊಡಗಿತು. ಅಷ್ಟರಲ್ಲೇ ಇನ್ನೊಂದು ನೆನಪಾಯಿತು. ಗುಂಡವ್ವ ಯಾವಾಗಲೂ ಬೆಲ್ಲ ಹೆಚ್ಚೇ ಹಾಕುತ್ತಾಳೆ. ನಿಜವಾಗಿ ತಿಂದವರೂ ಅದೇ ಮಾತು ಹೇಳುತ್ತಾರೆ. ಹಾಗಾದರೆ ಇವರು ಒಳ್ಳೆಯವರಾಗಿದ್ದರೆ ಸಾಯುತ್ತಾರೆ, ಮೊದಲಿನ ಹಾಗೆಯೇ ಇದ್ದರೆ ಬದುಕುತ್ತಾರೆ. ಅವಳು ಚಹದ ಕಪ್ಪು ಹಿಡಿದುಕೊಂಡೇ ಎದ್ದು ನಿಂತಳು. ಮೇಲೆ ಹೋಗಬಹುದಿತ್ತು. ನೂರಕ್ಕೆ ತೊಂಬತ್ತು ಪಾಲು ಸುಳ್ಳೇ. ಇನ್ನ ಎರಡು ದಿನ ತಡೆದರೆ ತಾನಾಗಿ ಗೊತ್ತಾಗುತ್ತದೆ ಎಂದು ಒಂದು ವಿಚಾರ ಮೆಲ್ಲಗೆ ಬಂತು. ಅದು ಅತ್ತೆಯ ದನಿಯಲ್ಲಿ ಬರಲಿಲ್ಲ, ತನ್ನದೇ ದನಿಯಲ್ಲಿ, ಪಾಠ ಹೇಳುವಷ್ಟು ಸಮಾಧಾನವಾಗಿ ಬಂತು. ಬೆಳಿಗ್ಗೆಯಿಂದ ಮೊದಲ ಸಲ ಅವಳಿಗೆ ಹೆದರಿಕೆಯಾಯಿತು.

‘ಅಮ್ಮಾರ, ಅದು ತಿನ್ನೋ ಉಂಡಿ ಅಲ್ರಿ,’ ಎಂದಳು. ‘ಇಲಿಗೆ ಇಟ್ಟದ್ದು. ಅದ್ರಾಗ ಪಾಷಾಣ ಐತ್ರಿ.’

ಮೊರ ನಿಂತಿತು. ಪೇಪರು ಕೆಳಗಿಳಿಯಿತು.

‘ನಾ ತಿಂದಿಲ್ಲ,’ ಎಂದರು ಚನ್ನಬಸಯ್ಯನವರು ತಟ್ಟನೆ. ಆಮೇಲೆ ಹೆಂಡತಿಯ ಕಡೆ ನೋಡಿದರು. ‘ನೀ?’

ಇಂದುಬಾಯಿಯವರ ಮುಖ ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು. ‘ಇಲ್ಲ’ ಎಂದರು.

ವಿಜಯಶ್ರೀ ನಂಬಲಿಲ್ಲ. ಈಗ ಅವಳಿಗೆ ಬೇರೆ ಏನೂ ಕಾಣಿಸುತ್ತಿರಲಿಲ್ಲ. ‘ಅಮ್ಮಾರ, ಖರೇ ಹೇಳ್ರಿ. ಈಗ ನಡದ್ರ ಏನೂ ಆಗಂಗಿಲ್ಲ. ಆಟೋ ಕರೀತೇನಿ, ದವಾಖಾನಿಗೆ ಹೋಗೋಣು. ಒಂದು ತುಣುಕು ತಿಂದಿದ್ರೂ ಹೇಳ್ರಿ.’

‘ತಿಂದಿಲ್ಲ ಅಂದ್ನೆಲ್ಲ.’

‘ಈಗ ತಿಂದೆ ಅಂದ್ರಿ.’

‘ಅಂದೆ.’

‘ಮತ್ತ?’

‘ಅನ್ನಬೇಕಲ್ಲವಾ, ಅಂದೆ.’

‘ನಾಚಕೋಬ್ಯಾಡ್ರಿ ಅಮ್ಮಾರ, ಜೀವದ ಮಾತೈತಿ. ನನ್ನ ಮ್ಯಾಲ ಸಿಟ್ಟು ಮಾಡ್ಕೋರಿ, ಮನಿ ಬಿಡಸ್ರಿ, ಬೇಕಾದ್ದು ಮಾಡ್ರಿ. ತಿಂದೀರೋ ಇಲ್ಲೋ ಅಷ್ಟ ಹೇಳ್ರಿ.’ ಅವಳು ಮೊರದ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟಿದ್ದಳು. ಜೋಳ ಕಾಲ ಕೆಳಗೆ ಚೆಲ್ಲಿತ್ತು.

ಇಂದುಬಾಯಿ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದರು. ಸಿಟ್ಟು ಬಂದಿತ್ತು ಅವರಿಗೆ. ಅಳುವೂ ಬಂದಿತ್ತು. ‘ಇದರ ಆಣಿ. ಇವತ್ತಿಂದಷ್ಟ ಅಲ್ಲ. ನೀವು ಬಂದಾಗಿಂದ ನಿಮ್ಮ ಮನ್ಯಾಗಿಂದು ಏನೂ ನಾ ಬಾಯಾಗ ಇಟ್ಟಿಲ್ಲ. ನೀ ಕೊಟ್ಟ ಸಕ್ಕರಿ ಸೈತ ಇರಿವಿಗೆ ಹಾಕೇನಿ. ಆತಿಲ್ಲ? ಇನ್ನೇನು ಹೇಳಬೇಕು?’

‘ಆತ್ರಿ,’ ಎಂದಳು ವಿಜಯಶ್ರೀ. ‘ಭಾಳ ಛಲೋ ಆತ್ರಿ.’

ಮನಸ್ಸಿನಿಂದಲೇ ಅಂದಳು. ಯಾರೂ ಸಾಯುವುದಿಲ್ಲ ಎಂಬುದು ಮೊದಲು ತಿಳಿಯಿತು, ಅಲ್ಲೇ ನೆಲಕ್ಕೆ ಕೂತಳು. ಸಕ್ಕರೆಯ ಮಾತು ಹಿಂದೆ ಉಳಿದು, ನಿಧಾನವಾಗಿ ಬಂದು ತಲುಪಿತು. ಸಕ್ಕರೆಯೂ. ಚನ್ನಬಸಯ್ಯನವರು ಪೇಪರು ಮಡಚುತ್ತಿದ್ದರು. ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚಿದರು. ‘ಆತು ಬಿಡ್ರಿ, ಆಗಬಾರದ್ದು ಏನೂ ಆಗಿಲ್ಲಲ್ಲ’ ಎಂದರು ಯಾರಿಗೋ.

‘ಎಲ್ಲಿ ಒಗದೀರಿ? ತೆಗೀಬೇಕ್ರಿ. ನಾಯಿ, ಬೆಕ್ಕು ತಿಂದೀತು’ ಎಂದಳು ವಿಜಯಶ್ರೀ. ಇಂದುಬಾಯಿ ಎದ್ದು ಹಿತ್ತಲ ಕಡೆ ನಡೆದರು. ಅವಳಿಗೆ ದಾರಿ ತೋರಿಸಬೇಕಾಗಿರಲಿಲ್ಲ. ಆದರೂ ಹಿಂದೆ ಹಿಂದೆ ಹೋದಳು. ಉಂಡಿ ನುಗ್ಗೆಗಿಡದ ಬುಡದಲ್ಲೇ ಇತ್ತು. ಯಾರೂ ಮುರಿದಿರಲಿಲ್ಲ. ಗುಂಡವ್ವನ ಬೆರಳಿನ ಗುರುತು ಅದರ ಮೇಲೆ ಹಾಗೆಯೇ ಇತ್ತು. ಅವಳು ತಣ್ಣಗಾದ ಚಹವನ್ನು ಗಿಡಕ್ಕೆ ಚೆಲ್ಲಿ, ಆ ಕಾಗದದ ಕಪ್ಪಿನಿಂದಲೇ ಉಂಡಿಯನ್ನು ಮಣ್ಣಿನ ಸಮೇತ ಬಾಚಿಕೊಂಡು, ಬಾಯಿ ಮಡಚಿ ಹಿಡಿದಳು.

ತಿರುಗಿದಾಗ ಇಂದುಬಾಯಿ ದಾರಿಗೆ ಅಡ್ಡ ನಿಂತಿದ್ದರು. ಈಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಏನನ್ನೋ ನೆನಪು ಮಾಡಿಕೊಳ್ಳುತ್ತಿದ್ದರು.

‘ಅಲ್ಲ ಟೀಚರ, ನಾ ಎತ್ತಿಕೊಂಡಾಗ ನೀ ಬಾಜೂಕ ನಿಂತಿದ್ದೆಲ್ಲ. ನೋಡಾಕತ್ತಿದ್ದೆಲ್ಲ. ಯಾಕ ಸುಮ್ಮನಿದ್ದಿ?’

ಉತ್ತರ ತಯಾರಿತ್ತು. ನಮ್ಮ ಮನೆಯಲ್ಲಿ ಹೆಸರು ಹಿಡಿಯುವುದಿಲ್ಲ, ಅವಕ್ಕೆ ಕೇಳಿಸುತ್ತದೆ ಎಂದು ಅತ್ತೆ ಹೇಳುತ್ತಾಳೆ, ಅದಕ್ಕೆ ಬಾಯಿಗೆ ಬರಲಿಲ್ಲ. ಈ ಊರಿನಲ್ಲಿ ಯಾರಿಗೆ ಹೇಳಿದರೂ ನಂಬುವಂಥ ಮಾತು. ಬೆಳಿಗ್ಗೆಯಿಂದ ಅವಳು ತನಗೂ ಅದನ್ನೇ ಹೇಳಿಕೊಂಡಿದ್ದಳು. ಅದನ್ನೇ ಹೇಳಲೆಂದು ಬಾಯಿ ತೆರೆದಳು.

‘ತಿಂತೀರೇನೋ ಅಂತ ನೋಡಾಕತ್ತಿದ್ದೆ, ಅಮ್ಮಾರ,’ ಎಂದಳು.

ಇಂದುಬಾಯಿ ಬೆಚ್ಚಿ ಹಿಂದೆ ಸರಿದು ಗೋಡೆ ಹಿಡಿದುಕೊಂಡರು. ಇಷ್ಟು ವರ್ಷದ ಮೇಲೆ ತಮ್ಮ ಮನೆಯದನ್ನು ತಿನ್ನುತ್ತಾರೇನೋ ಎಂದಷ್ಟೇ ಅವಳು ಅಂದದ್ದು; ಅದರಲ್ಲಿ ಬೆಚ್ಚುವಂಥದ್ದು ಏನಿದೆ ಎಂದು ವಿಜಯಶ್ರೀಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು.